ಮೀನೆಣ್ಣೆ ಕ್ಯಾಪ್ಸೂಲ್: ಕೊಲೆಸ್ಟರಾಲ್‌ಗೆ ಅಲ್ಲ, ಟ್ರೈಗ್ಲಿಸರೈಡ್‌ಗೆ

ಒಮೆಗಾ-3 ಕ್ಯಾಪ್ಸೂಲ್ ತೆಗೆದುಕೊಳ್ಳಲು ಶುರು ಮಾಡಿ ವರ್ಷಗಳೇ ಆದವು. ನನಗೆ ಎರಡು ತೊಂದರೆಗಳಿವೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು. ಬೆರಳ ಗೆಣ್ಣುಗಳಲ್ಲಿ ರುಮಟಾಯ್ಡ್ ಸಂಧಿವಾತ. ಹಾಗಾಗಿ ಈ ಎಣ್ಣೆಯ ಬಗ್ಗೆ ಜನ ಹೇಳುವ ಎರಡು ಮಾತುಗಳನ್ನೂ, ಅಂದರೆ ಕೊಲೆಸ್ಟರಾಲ್ ಇಳಿಸುತ್ತದೆ, ಉರಿಯೂತ ತಗ್ಗಿಸುತ್ತದೆ ಎನ್ನುವುದನ್ನು, ನನ್ನ ಮೈಮೇಲೆಯೇ ಪರೀಕ್ಷಿಸಿ ನೋಡುವಂತಾಯಿತು. ಮೊದಲನೆಯದನ್ನು ನಂಬಿ ಹಣ ಹಾಕಬೇಡಿ. ಎರಡನೆಯದರಲ್ಲಿ ಹುರುಳಿದೆ, ಆದರೆ ಪ್ರಮಾಣ ಸರಿಯಿರಬೇಕು, ತಿಂಗಳುಗಟ್ಟಲೆ ಕಾಯಬೇಕು.

ಮೊದಲು ಡಬ್ಬಿಯ ವಿಚಾರ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. ಅದು ಎಣ್ಣೆಯ ಒಟ್ಟು ತೂಕ. ಕೆಲಸ ಮಾಡುವುದು ಅದರೊಳಗಿನ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬಿನಾಮ್ಲಗಳು. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿದರೆ 300 ಮಿಲಿಗ್ರಾಂ. ಉಳಿದದ್ದೆಲ್ಲ ಬೇರೆ ಕೊಬ್ಬು. ಟ್ರೈಗ್ಲಿಸರೈಡ್ ಇಳಿಯಬೇಕಾದರೆ ದಿನಕ್ಕೆ 3 ಗ್ರಾಂ ಆಸುಪಾಸಿನಲ್ಲಿ ಇಪಿಎ-ಡಿಎಚ್‌ಎ ಬೇಕು. ಅಂದರೆ ಇಂಥ ಕ್ಯಾಪ್ಸೂಲ್ ಹತ್ತು. ದಿನಕ್ಕೊಂದು ನುಂಗಿ ‘ನನಗೇನೂ ಆಗಲಿಲ್ಲ’ ಎನ್ನುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಆಗುವುದಕ್ಕೆ ಅದರಲ್ಲಿ ಇರುವುದೇ ಅಷ್ಟು. ದಿನಕ್ಕೊಂದರ ಕಾಲದಲ್ಲಿ ನನ್ನ ವರದಿಯಲ್ಲೂ ಅಂಕಿಗಳು ಕದಲಲಿಲ್ಲ. ಕೊಳ್ಳುವಾಗ ಡಬ್ಬಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಆ ಅಂಕಿ ಎಷ್ಟು ಕ್ಯಾಪ್ಸೂಲಿಗೆ ಸೇರಿದ್ದು ಎಂಬುದನ್ನೂ ನೋಡಿ. ಎರಡು ಅಥವಾ ಮೂರು ಕ್ಯಾಪ್ಸೂಲುಗಳ ಲೆಕ್ಕವನ್ನು ಒಟ್ಟಿಗೆ ಬರೆದಿರುವುದುಂಟು.

ಆಮೇಲೆ ವೈದ್ಯರು ಸಾಂದ್ರೀಕರಿಸಿದ ಎಣ್ಣೆಗೆ ಬದಲಾಯಿಸಿದರು. ಒಂದೊಂದರಲ್ಲೂ ಇಪಿಎ-ಡಿಎಚ್‌ಎ ಸೇರಿ 600 ಮಿಲಿಗ್ರಾಂ; ಎರಡು ಹೊತ್ತಿನ ಊಟಕ್ಕೆ ಹಂಚಿ ದಿನಕ್ಕೆ 3 ಗ್ರಾಂ. ಆಗ ವ್ಯತ್ಯಾಸ ಎದ್ದು ಕಂಡಿತು. ಟ್ರೈಗ್ಲಿಸರೈಡ್ 310ರಿಂದ 225ಕ್ಕೆ ಇಳಿಯಿತು. ಒಟ್ಟು ಕೊಲೆಸ್ಟರಾಲ್ 238 ಇದ್ದದ್ದು 230 ಆಯಿತು. ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 38ರಿಂದ 40. ಆದರೆ ‘ಕೆಟ್ಟ’ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 138 ಇದ್ದದ್ದು 145 ಆಗಿ ಕುಳಿತಿತ್ತು.

ಈ ಕೊನೆಯ ಅಂಕಿ ನೋಡಿ ಅನೇಕರು ಗಾಬರಿಯಾಗಿ ಕ್ಯಾಪ್ಸೂಲ್ ಬಿಟ್ಟುಬಿಡುತ್ತಾರೆ. ಸ್ವಲ್ಪ ನಿಧಾನಿಸಿ. ಎಷ್ಟೋ ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತವೆ: ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೆಯ ಒಂದು ಭಾಗವನ್ನೂ ಕಳೆಯುತ್ತವೆ. ನನ್ನ ಮೊದಲ ವರದಿಯಲ್ಲಿ 238ರಿಂದ 38 ಮತ್ತು 62 ಕಳೆದು 138. ಎರಡನೆಯದರಲ್ಲಿ 230ರಿಂದ 40 ಮತ್ತು 45 ಕಳೆದು 145. ಟ್ರೈಗ್ಲಿಸರೈಡ್ ಇಳಿದಾಗ ಕಳೆಯುವ ಭಾಗ ಚಿಕ್ಕದಾಗುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರಂತೂ ಈ ಸೂತ್ರವನ್ನು ನಂಬುವಂತಿಲ್ಲ. ಹಾಗೆಂದು ಏರಿಕೆಯೆಲ್ಲ ಬರೀ ಲೆಕ್ಕದ ಆಟವೂ ಅಲ್ಲ. ಡಿಎಚ್‌ಎ ಇರುವ ಎಣ್ಣೆ ಕೆಲವರಲ್ಲಿ, ಅದರಲ್ಲೂ ಟ್ರೈಗ್ಲಿಸರೈಡ್ ತುಂಬ ಹೆಚ್ಚಿರುವವರಲ್ಲಿ, ಎಲ್‌ಡಿಎಲ್ ಅನ್ನು ನಿಜವಾಗಿಯೇ ಏರಿಸುತ್ತದೆ. ಇಪಿಎ ಮಾತ್ರ ಇರುವ ಔಷಧದಲ್ಲಿ ಆ ಏರಿಕೆ ಕಾಣುವುದಿಲ್ಲ. ಅನುಮಾನವಿದ್ದರೆ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಸಿ. ನಾನು ಈಗ ಹಾಗೆಯೇ ಮಾಡಿಸುತ್ತೇನೆ.

ಎಲ್‌ಡಿಎಲ್ ಇಳಿಸಲು ಮೀನೆಣ್ಣೆ ನೆಚ್ಚಿಕೊಂಡವರಿಗೆ 2022ರಲ್ಲಿ ಪ್ರಕಟವಾದ ಸ್ಪೋರ್ಟ್ ಎಂಬ ಪ್ರಯೋಗವನ್ನು ನೆನಪಿಸಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ರೋಸುವಾಸ್ಟಾಟಿನ್ ಎಂಬ ಮಾತ್ರೆಯ ಕೇವಲ 5 ಮಿಲಿಗ್ರಾಂ ಪ್ರಮಾಣವನ್ನು ಮೀನೆಣ್ಣೆಯೂ ಸೇರಿದಂತೆ ಆರು ಪೂರಕಗಳೊಂದಿಗೆ ಹೋಲಿಸಿದರು. 28 ದಿನಗಳಲ್ಲಿ ಸ್ಟಾಟಿನ್ ಪಡೆದವರ ಎಲ್‌ಡಿಎಲ್ ಸರಾಸರಿ ಶೇ. 38ರಷ್ಟು ಇಳಿಯಿತು. ಆರು ಪೂರಕಗಳಲ್ಲಿ ಒಂದೂ ಹುಸಿಮಾತ್ರೆಗಿಂತ ಮೇಲಾಗಿರಲಿಲ್ಲ. ವೈದ್ಯರು ಸ್ಟಾಟಿನ್ ಬರೆದುಕೊಟ್ಟಿರುವಾಗ ಅದನ್ನು ಬದಿಗಿಟ್ಟು ಈ ಕ್ಯಾಪ್ಸೂಲ್ ಹಿಡಿಯುವುದು ಜೀವದ ಜೊತೆ ಆಡುವ ಆಟ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಹೃದಯಾಘಾತ ತಪ್ಪಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಗೋಜಲು. ವೈಟಲ್ ಅಧ್ಯಯನದಲ್ಲಿ 25,871 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ದಿನಕ್ಕೆ 1 ಗ್ರಾಂ ಮೀನೆಣ್ಣೆಯಿಂದ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆಯಾಗಿ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ರೆಡ್ಯೂಸ್-ಇಟ್ ಪ್ರಯೋಗದಲ್ಲಿ ಸ್ಟಾಟಿನ್ ಜೊತೆಗೆ ಶುದ್ಧೀಕರಿಸಿದ ಇಪಿಎ ಔಷಧವನ್ನು ದಿನಕ್ಕೆ 4 ಗ್ರಾಂ ಕೊಟ್ಟಾಗ ಅಪಾಯ ಶೇ. 25ರಷ್ಟು ತಗ್ಗಿತು. ಅದೇ 4 ಗ್ರಾಂ ಪ್ರಮಾಣದಲ್ಲಿ ಇಪಿಎ-ಡಿಎಚ್‌ಎ ಮಿಶ್ರಣ ಕೊಟ್ಟ ಸ್ಟ್ರೆಂತ್ ಪ್ರಯೋಗದಲ್ಲಿ ಯಾವ ಲಾಭವೂ ಕಾಣಲಿಲ್ಲ. ರೆಡ್ಯೂಸ್-ಇಟ್‌ನಲ್ಲಿ ಹೋಲಿಕೆಗಾಗಿ ಕೊಟ್ಟದ್ದು ಖನಿಜ ತೈಲ. ಅದನ್ನು ಪಡೆದವರ ಎಲ್‌ಡಿಎಲ್ ಮತ್ತು ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ಏರಿದ್ದವು. ಲಾಭದ ಒಂದು ಪಾಲು ಅಲ್ಲಿಂದ ಬಂತೇ ಎಂಬ ವಾದ ಇನ್ನೂ ಮುಗಿದಿಲ್ಲ. ಏನೇ ಇರಲಿ, ಆ ಔಷಧಕ್ಕೆ ಸಿಕ್ಕ ಫಲಿತಾಂಶವನ್ನು ಅಂಗಡಿಯ ಮೀನೆಣ್ಣೆ ಡಬ್ಬಿಯ ಜಾಹೀರಾತಿಗೆ ಅಂಟಿಸುವುದು ಅನ್ಯಾಯ ಎಂದೇ ನನ್ನ ಭಾವನೆ.

ಇನ್ನು ಕೀಲುಗಳು. ನನ್ನ ಪಾಲಿಗೆ ಈ ಎಣ್ಣೆ ನಿಜವಾಗಿ ಬೆಲೆ ಬಾಳಿದ್ದು ಇಲ್ಲಿಯೇ. ಮೊದಮೊದಲು ಏನೂ ಇಲ್ಲ. ಮೂರನೆಯ ತಿಂಗಳು ದಾಟಿದ ಮೇಲೆ ಬೆಳಗಿನ ಬಿಗಿತ ಸಡಿಲವಾಗತೊಡಗಿತು. ಎದ್ದು ಒಂದು ಗಂಟೆಯಾದರೂ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಒದ್ದಾಡುತ್ತಿದ್ದ ಕೈ, ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಮಡಚಿ ಬಿಡಿಸಲು ಬರುವಂತಾಯಿತು. ನೋವಿನ ಮಾತ್ರೆ ಬೇಕಾಗುವುದು ಅಪರೂಪವಾಯಿತು. ಸಂಧಿವಾತದ ಮೇಲಿನ ಅಧ್ಯಯನಗಳಲ್ಲೂ ಸಾಮಾನ್ಯವಾಗಿ ಕಂಡುಬಂದಿರುವುದು ಇದೇ: ಬಿಗಿತ ಮತ್ತು ನೋವು ಕಡಿಮೆ, ನೋವುನಿವಾರಕಗಳ ಬಳಕೆ ಕಡಿಮೆ.

ತಡವಾಗುವುದಕ್ಕೆ ಕಾರಣವಿದೆ. ಉರಿಯೂತ ಎಬ್ಬಿಸುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತುಗಳು ಜೀವಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಿಂದ ಕಿಣ್ವಗಳ ಮೂಲಕ ತಯಾರಾಗುತ್ತವೆ. ಇಪಿಎ ಮೆಲ್ಲಮೆಲ್ಲಗೆ ಆ ಜಾಗದಲ್ಲಿ ಸೇರಿಕೊಂಡು, ಅದೇ ಕಿಣ್ವಗಳಿಗಾಗಿ ಪೈಪೋಟಿ ನಡೆಸುತ್ತದೆ. ಅದರಿಂದ ಹುಟ್ಟುವ ವಸ್ತುಗಳು ಅಷ್ಟು ಉಗ್ರವಲ್ಲ. ಉರಿಯೂತವನ್ನು ಶಮನ ಮಾಡುವ ರಿಸಾಲ್ವಿನ್ ಎಂಬ ವಸ್ತುಗಳೂ ಇಪಿಎ-ಡಿಎಚ್‌ಎಗಳಿಂದಲೇ ಆಗುತ್ತವೆ. ಪೊರೆಯ ಕೊಬ್ಬು ಬದಲಾಗಲು ಸಮಯ ಬೇಕು. ಕೆಂಪು ರಕ್ತಕಣದ ಆಯುಸ್ಸೇ ಸುಮಾರು 120 ದಿನ. ಎರಡು ವಾರ ತಿಂದು ತೀರ್ಪು ಕೊಡಬೇಡಿ. ನನ್ನ ಸಿಆರ್‌ಪಿ ಮಾತ್ರ ಹೆಚ್ಚು ಬದಲಾಗಲಿಲ್ಲ. ಸಂಧಿವಾತದ ಮೂಲ ಔಷಧವನ್ನೂ ನಿಲ್ಲಿಸಿಲ್ಲ. ಕೀಲು ಸವೆಯದಂತೆ ಕಾಯುವುದು ಅದೇ.

ದಿನನಿತ್ಯದ ಕಿರಿಕಿರಿಯೆಂದರೆ ಮೀನಿನ ತೇಗು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೆಚ್ಚು. ಕೊಬ್ಬಿನಂಶವಿರುವ ಊಟದ ನಡುವೆ ನುಂಗಿದರೆ ಬಹಳ ಕಡಿಮೆ. ಸಾಂದ್ರೀಕರಿಸಿದ ಎಣ್ಣೆಗಳಲ್ಲಿ ಸಾಮಾನ್ಯವಾದ ಇಥೈಲ್ ಎಸ್ಟರ್ ರೂಪದ ಎಣ್ಣೆಯನ್ನು ಕೊಬ್ಬಿಲ್ಲದ ಊಟದೊಂದಿಗೆ ದೇಹ ಸರಿಯಾಗಿ ಹೀರಿಕೊಳ್ಳುವುದೂ ಇಲ್ಲ. ಹೊಸ ಡಬ್ಬಿ ತೆರೆದಾಗಲೆಲ್ಲ ಒಂದು ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಮೂಸಿ ನೋಡುತ್ತೇನೆ. ತಾಜಾ ಎಣ್ಣೆಗೆ ಸಮುದ್ರದ ನಸುವಾಸನೆ ಇರುತ್ತದೆ, ಅಷ್ಟೇ. ಮೂಗಿಗೆ ಬಡಿಯುವ ಕಮಟು ಬಂದರೆ ವಾಪಸು. ಒಮ್ಮೆ ಹೀಗಾದಾಗ ಮಾರಾಟಗಾರರು ‘ಮೀನೆಣ್ಣೆ ಎಂದರೆ ಹೀಗೇ’ ಎಂದು ವಾದಿಸಿದರು. ಹಾಗಲ್ಲ. ಎಣ್ಣೆ ಎಷ್ಟು ಕೆಟ್ಟಿದೆ ಎಂಬುದನ್ನು ಅಳೆಯುವ ಪೆರಾಕ್ಸೈಡ್ ಮೌಲ್ಯಕ್ಕೆ 5, ಒಟ್ಟು ಉತ್ಕರ್ಷಣ ಸೂಚಿ ಟೋಟಾಕ್ಸ್‌ಗೆ 26 ಎಂಬ ಮಿತಿಯನ್ನು ಉದ್ಯಮವೇ ಇಟ್ಟುಕೊಂಡಿದೆ. ಆ ಅಂಕಿಗಳನ್ನು ಕೇಳಿದರೆ ಕೊಡುವ ತಯಾರಕರಿಂದ ಮಾತ್ರ ನಾನು ಕೊಳ್ಳುತ್ತೇನೆ. ವಾಸನೆ ಮರೆಸಲು ನಿಂಬೆಯ ಪರಿಮಳ ಬೆರೆಸಿದ್ದನ್ನು ಮುಟ್ಟುವುದಿಲ್ಲ.

ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸ್ವಲ್ಪ ಹೆಚ್ಚು ಕಂಡುಬಂದಿದೆ. ಮೇಲೆ ಹೇಳಿದ 4 ಗ್ರಾಂನ ಎರಡೂ ಪ್ರಯೋಗಗಳಲ್ಲಿ ಇದು ದಾಖಲಾಗಿದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರೂ ವೈದ್ಯರಿಗೆ ತಿಳಿಸದೆ ದೊಡ್ಡ ಪ್ರಮಾಣಕ್ಕೆ ಕೈಹಾಕಬಾರದು. ಬಡಿತ ತಾಳ ತಪ್ಪಬಹುದೆಂಬ ಕಾರಣಕ್ಕೇ ನನ್ನ ವೈದ್ಯರು ಪ್ರತಿ ಭೇಟಿಯಲ್ಲೂ ನಾಡಿ ಹಿಡಿದು ನೋಡುತ್ತಾರೆ.

ಮೀನು ಒಲ್ಲದವರು ಅಗಸೆ ಎಣ್ಣೆಯಿಂದ ಇದೇ ಫಲ ಸಿಗುತ್ತದೆಯೇ ಎಂದು ಕೇಳುತ್ತಾರೆ. ಅದರಲ್ಲಿರುವ ಎಎಲ್‌ಎ ಎಂಬ ಒಮೆಗಾ-3 ನಮ್ಮ ದೇಹದಲ್ಲಿ ಇಪಿಎ ಆಗಿ ಬದಲಾಗುವುದು ತೀರಾ ಕಡಿಮೆ, ಡಿಎಚ್‌ಎ ಆಗುವುದು ಇನ್ನೂ ಕಡಿಮೆ. ಅಂಥವರಿಗೆ ಸರಿಯಾದದ್ದು ಪಾಚಿಯ ಎಣ್ಣೆ. ಮೀನುಗಳಿಗೂ ಒಮೆಗಾ-3 ಬರುವುದು ಮೂಲದಲ್ಲಿ ಪಾಚಿಯಿಂದಲೇ. ಇತ್ತೀಚೆಗೆ ನಾನೂ ಅದಕ್ಕೆ ಬದಲಾಯಿಸಿದ್ದೇನೆ. ತೇಗಿನ ಕಾಟ ಹೋಯಿತು. ಆದರೆ ಬಹಳಷ್ಟು ಪಾಚಿ ಎಣ್ಣೆಗಳಲ್ಲಿ ಡಿಎಚ್‌ಎ ಹೆಚ್ಚು, ಇಪಿಎ ಕಡಿಮೆ. ಕೀಲುಗಳಿಗಾಗಿ ಇಪಿಎ ಸಾಕಷ್ಟಿರುವುದನ್ನು ಹುಡುಕಿ ತರಬೇಕಾಯಿತು. ಬೆಳಗಿನ ಬಿಗಿತ ಸದ್ಯಕ್ಕೆ ಮೊದಲಿನಷ್ಟೇ ಹಿಡಿತದಲ್ಲಿದೆ; ಟ್ರೈಗ್ಲಿಸರೈಡ್ ಏನಾಗಿದೆ ಎಂಬುದು ಮುಂದಿನ ರಕ್ತಪರೀಕ್ಷೆಯಲ್ಲಿ ಗೊತ್ತಾಗಬೇಕು.