ಬೆನ್ನು ಸೊಟ್ಟ ಇರುವ ಹಾವಿಗೆ ಮರಿ ಮಾಡಿಸಬೇಡಿ

ಹೋದ ವಾರ ಇಲ್ಲೇ ದಾವಣಗೆರೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಬೆನ್ನಲ್ಲಿ ಸ್ವಲ್ಪ ಗಂಟಿರೋ ಬಾಲ್ ಪೈಥಾನ್ ಹೆಣ್ಣು ಅರ್ಧ ರೇಟಿಗೆ ಸಿಗ್ತಿದೆ. ತಗೊಂಡು ಮರಿ ಮಾಡಿಸ್ಲಾ?" ಬೇಡಪ್ಪ ಎಂದೆ. (ಬಾಲ್ ಪೈಥಾನ್ ಅಂದರೆ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು, ಮನೆಯಲ್ಲಿ ಸಾಕುತ್ತಾರೆ.) ಯಾಕೆ ಬೇಡ ಅನ್ನೋದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ನಾನೂ ಅಂಥದ್ದೇ ಹೆಣ್ಣೊಂದನ್ನು ತಂದಿದ್ದೆ. ಬಾಲದಿಂದ ಒಂದು ಗೇಣು ಮೇಲೆ ಬೆನ್ನುಮೂಳೆ ಸೊಟ್ಟ. ಕೈಯಾಡಿಸಿದರೆ ಬೆರಳಿಗೆ ತಗಲುತ್ತಿತ್ತು. "ಮೊಟ್ಟೆಗೆ ಕಾವು ಜಾಸ್ತಿ ಆಗಿ ಹೀಗಾಗಿದೆ, ರಕ್ತದಲ್ಲಿ ಬಂದದ್ದಲ್ಲ, ಮರಿಗಳು ಸರಿಯಾಗೇ ಹುಟ್ಟುತ್ತವೆ" ಎಂದ ಮಾರಿದವನು. ನಂಬಿದೆ. ಚೆನ್ನಾಗಿ ತಿನ್ನುತ್ತಿತ್ತು. ಮೂರು ವರ್ಷಕ್ಕೆ ಒಂದೂವರೆ ಕೆಜಿ ದಾಟಿತು. ಗಂಡಿನ ಜೊತೆ ಬಿಟ್ಟೆ.

ಮೊಟ್ಟೆ ಇಡುವ ಮುಂಚೆ ಹೆಣ್ಣು ಒಮ್ಮೆ ಪೊರೆ ಬಿಡುತ್ತದೆ. ಅಲ್ಲಿಂದ ಹೆಚ್ಚುಕಮ್ಮಿ ಒಂದು ತಿಂಗಳಿಗೆ ಮೊಟ್ಟೆ ಬರಬೇಕು. ಇದಕ್ಕೆ 40 ದಿನ ಕಳೆದರೂ ಬರಲಿಲ್ಲ. ಒಂದು ರಾತ್ರಿ ಐದು ಮೊಟ್ಟೆ ಇಟ್ಟಿತು. ಇನ್ನೆರಡು ಒಳಗೇ ಉಳಿದವು. ಸೊಟ್ಟ ಇದ್ದ ಜಾಗದ ಹತ್ತಿರವೇ ಹೊಟ್ಟೆ ಉಬ್ಬಿ ನಿಂತಿತ್ತು. ಹಾವು ಇಡೀ ಮೈ ಮುರಿದು ತಿಣುಕುತ್ತಿತ್ತು. ನೋಡಲಾಗುತ್ತಿರಲಿಲ್ಲ. ದನ, ನಾಯಿ ನೋಡುವ ಡಾಕ್ಟರ್ ಊರಲ್ಲಿ ಇದ್ದಾರೆ. ಹಾವಿನ ಹೊಟ್ಟೆ ಕೊಯ್ದು ಮೊಟ್ಟೆ ತೆಗೆಯುವವರು ನನಗೆ ಸಿಗಲಿಲ್ಲ. ಬೆಂಗಳೂರಿಗೆ ಒಯ್ದೆ, ಸುಮಾರು 260 ಕಿಲೋಮೀಟರ್. ಆಪರೇಷನ್ ಆಯಿತು. ಮೂರನೇ ದಿನ ಸತ್ತುಹೋಯಿತು. ಮೂಳೆ ಬಾಗಿದ ಕಡೆ ದಾರಿ ಕಿರಿದಾಗಿತ್ತಂತೆ. ಮೂಳೆ ಯಾಕೆ ಸೊಟ್ಟ ಆಯಿತು ಅನ್ನೋದು ಏನೇ ಇರಲಿ, ಮೊಟ್ಟೆ ಹಾಯಬೇಕಾದದ್ದು ಅದೇ ದಾರಿಯಲ್ಲಿ ಅಲ್ವಾ? ಇಷ್ಟು ಸರಳ ವಿಷಯ ನನಗೆ ಮೊದಲೇ ಹೊಳೆಯಲಿಲ್ಲ.

ಅದು ಇಟ್ಟಿದ್ದ ಐದು ಮೊಟ್ಟೆಗಳನ್ನು ಥರ್ಮೋಕೋಲ್ ಡಬ್ಬದಲ್ಲಿ ಕಾವಿಗಿಟ್ಟಿದ್ದೆ. 31ರಿಂದ 32 ಡಿಗ್ರಿಯಲ್ಲಿ 55-60 ದಿನ ಇರಬೇಕು. ಆಗ ಏಪ್ರಿಲ್ ಕೊನೆ. ನಮ್ಮೂರ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಕೋಣೆಯೊಳಗೇ 36 ಡಿಗ್ರಿ. ಥರ್ಮೋಸ್ಟ್ಯಾಟ್ ಕಾವು ಹೆಚ್ಚಾದರೆ ಹೀಟರನ್ನು ಆಫ್ ಮಾಡುತ್ತದೆ ಅಷ್ಟೇ, ಡಬ್ಬವನ್ನು ತಂಪು ಮಾಡುವುದಿಲ್ಲ. ಬೆಂಗಳೂರಿಗೆ ಓಡಾಡಿದ ದಿನಗಳಲ್ಲಿ ಒಳಗೆ ಎಷ್ಟು ಏರಿತ್ತೋ. ಎರಡು ಮೊಟ್ಟೆ ಕೊಳೆತವು. ಮೂರು ಮರಿ ಬಂದವು. ಒಂದಕ್ಕೆ ಒಂದು ಕಣ್ಣೇ ಇರಲಿಲ್ಲ. ಇನ್ನೊಂದರ ಬೆನ್ನು ತಾಯಿಗಿಂತ ಸೊಟ್ಟ, ಮೂರು ಕಡೆ. ಮೂರನೆಯದು ನೋಡಲು ಸರಿಯಾಗಿತ್ತು.

ಇದು ಕಾವಿನಿಂದ ಆಯಿತೋ ತಾಯಿಯಿಂದ ಬಂತೋ? ಎರಡೂ ಆಗಿರಬಹುದು. ಮುಟ್ಟಿ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. "ಕಾವಿನ ತಪ್ಪು" ಎಂದು ಮಾರಿದವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ಹೇಳಿದ.

ರಕ್ತದಲ್ಲೇ ಬರುತ್ತವೆ ಎಂದು ಗೊತ್ತಿರುವ ತೊಂದರೆಗಳೂ ಇವೆ. ಬಾಲ್ ಪೈಥಾನ್‌ನಲ್ಲಿ ಸ್ಪೈಡರ್ ಮಾರ್ಫ್ ಅನ್ನೋ ಬಣ್ಣದ ತಳಿ ನೋಡಿದ್ದೀರಲ್ಲ, ಮೈಮೇಲೆ ಜೇಡರ ಬಲೆಯ ಥರ ಗೆರೆ. ಆ ಬಣ್ಣದ ಜೊತೆಗೇ ತಲೆ ಅಲುಗುವ ರೋಗ ಬರುತ್ತದೆ. ಬೇಟೆಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ, ಕೆಲವು ಅಂಗಾತ ಬೀಳುತ್ತವೆ. ಸಿಟಿ ಸ್ಕ್ಯಾನ್ ಮಾಡಿ ನೋಡಿದವರು ಒಳಗಿವಿಯ ಸಮತೋಲನದ ಭಾಗವೇ ವಿಕಾರವಾಗಿದೆ ಎಂದು 2022ರಲ್ಲಿ ತೋರಿಸಿದ್ದಾರೆ. ಕ್ಯಾರಮೆಲ್ ಅಲ್ಬಿನೋ ಅನ್ನೋ ಇನ್ನೊಂದು ಬಣ್ಣದ ತಳಿಯಲ್ಲಿ ಬೆನ್ನು ಸೊಟ್ಟ ಆಗುವುದೂ ಹೀಗೇ ಹೆಸರಾಗಿದೆ. "ತಿನ್ನುತ್ತೆ, ಆರಾಮಾಗಿದೆ" ಅನ್ನುವ ಮಾತಿಗೆ ಮರುಳಾಗಬೇಡಿ. ನನ್ನದೂ ತಿನ್ನುತ್ತಿತ್ತು.

ಇನ್ನೊಂದು ಮಾತು. ಬಾಲ್ ಪೈಥಾನ್ ಇಟ್ಟುಕೊಂಡವರು ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ನಮ್ಮ ಹೊಲದ ಕೇರೆ, ಮಣ್ಣುಮುಕ್ಕ, ಹೆಬ್ಬಾವನ್ನಂತೂ ಮನೆಯಲ್ಲಿ ಇಡುವಂತೆಯೇ ಇಲ್ಲ.

ಅಂಗವಿಕಲ ಹಾವು ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಬಿಡಬೇಡಿ, ಪ್ರೀತಿಯಿಂದ ಸಾಕಿ. ಗಂಡಿನ ಜೊತೆ ಮಾತ್ರ ಸೇರಿಸಬೇಡಿ. ಇನ್ನೊಬ್ಬರಿಗೆ ಮಾರಲೂ ಬೇಡಿ, ಅವರು ಸೇರಿಸುತ್ತಾರೆ.

ಬೆನ್ನು ಸೊಟ್ಟದ ಮರಿ 19 ದಿನ ಇತ್ತು. ಒಂದು ಇಲಿಮರಿಯನ್ನೂ ನುಂಗಲಾಗಲಿಲ್ಲ. ಒಕ್ಕಣ್ಣಿನದು ಮತ್ತು ಸರಿ ಕಾಣುವುದು ಎರಡೂ ನನ್ನ ಹತ್ತಿರವೇ ಇವೆ. ಸರಿ ಕಾಣುವುದಕ್ಕೆ ಮೊನ್ನೆ ಇಬ್ಬರು ರೇಟ್ ಕೇಳಿದರು. ಅದರ ತಾಯಿಯ ಕತೆ ಹೇಳಿದೆ, ಕೊಡಲ್ಲ ಎಂದೆ.