ಬ್ಲಾಗರ್‌ನಲ್ಲಿ ಒಂಬತ್ತು ವರ್ಷ: ದುರ್ಗದಿಂದ ಬರೆಯುವವನ ಅನುಭವ

ಬಳಸುತ್ತಿರುವುದು 2016ರಿಂದ. ಐದಕ್ಕೆ ನಾಲ್ಕು ಅಂಕ.

ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ. ಭಾನುವಾರ ಬಂತೆಂದರೆ ಪೆನ್ನು ಕೊಳ್ಳುವವರಿಗಿಂತ ದಾರಿ ಕೇಳುವವರೇ ಹೆಚ್ಚು. ಓಬವ್ವನ ಕಿಂಡಿ ಎಲ್ಲಿದೆ, ಮೇಲೆ ನೀರು ಸಿಗುತ್ತಾ, ಮೊಣಕಾಲು ನೋವಿನ ಅಮ್ಮನನ್ನು ಎಲ್ಲಿಯವರೆಗೆ ಕರೆದುಕೊಂಡು ಹೋಗಬಹುದು, ಚಂದ್ರವಳ್ಳಿಯನ್ನೂ ಇವತ್ತೇ ನೋಡಿ ಮುಗಿಸಬಹುದಾ? ಇದೇ ನಾಲ್ಕೈದು ಪ್ರಶ್ನೆ, ಪ್ರತಿ ವಾರ. ಎಲ್ಲಕ್ಕೂ ಒಂದು ಕಡೆ ಉತ್ತರ ಬರೆದಿಡೋಣ ಅಂತ ಗೂಗಲ್‌ನ ಉಚಿತ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಖಾತೆ ತೆರೆದೆ. ಆಮೇಲೆ ನಮ್ಮ ಜಿಲ್ಲೆಯ ಬ್ರಹ್ಮಗಿರಿ, ವಾಣಿವಿಲಾಸ ಸಾಗರ ಜಲಾಶಯ, ಜೋಗಿಮಟ್ಟಿ ಎಲ್ಲ ಸೇರಿಕೊಂಡವು.

ಸೇವೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಬ್ಲಾಗರ್ ಹಳೆಯದು. 1999ರಲ್ಲಿ ಪೈರಾ ಲ್ಯಾಬ್ಸ್ ಶುರು ಮಾಡಿತು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಜಿಮೇಲ್ ಖಾತೆ ಇದ್ದರೆ ಸಾಕು, ಒಂದು ರೂಪಾಯಿ ಖರ್ಚಿಲ್ಲದೆ ಬರೆಯಲು ಕೂರಬಹುದು. ಸರ್ವರ್ ಬಾಡಿಗೆ, ಸಾಫ್ಟ್‌ವೇರ್ ಅಪ್‌ಡೇಟ್ ಯಾವುದರ ಗೊಡವೆಯೂ ಇಲ್ಲ. ಈ ಒಂಬತ್ತು ವರ್ಷದಲ್ಲಿ ನಾನು ಬರೆದದ್ದು ಒಂದಕ್ಷರವೂ ಕಳೆದಿಲ್ಲ. ಅಂಗಡಿ ನೋಡಿಕೊಂಡು, ಮಧ್ಯಾಹ್ನ ಬಿಡುವಾದಾಗ ಬರೆಯುವ ನನ್ನಂಥವನಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ.

ಆದರೆ ಮೊದಲ ಎರಡು ವರ್ಷ ಓದುವವರೇ ಇರಲಿಲ್ಲ. ಅದು ಸೇವೆಯ ತಪ್ಪಲ್ಲ, ನನ್ನದೇ. ಕೋಟೆಯ ಮೇಲಿನ ಮೊದಲ ಬರಹಕ್ಕೆ ‘ಬಂಡೆಗಳ ಮೌನದಲ್ಲಿ ಒಂದು ಮುಂಜಾವು’ ಅಂತ ಹೆಸರಿಟ್ಟಿದ್ದೆ. ಸೂರ್ಯೋದಯ, ಗಾಳಿ, ಬಾಲ್ಯದ ನೆನಪು ಎಲ್ಲ ಮುಗಿದು ಕೋಟೆ ಬಾಗಿಲು ಬರುವಷ್ಟರಲ್ಲಿ ಆರು ಪ್ಯಾರಾ ಆಗಿತ್ತು. ದಾವಣಗೆರೆಯಲ್ಲಿರುವ ಅಕ್ಕನ ಮಗ ಗೆಳೆಯರನ್ನು ಕಟ್ಟಿಕೊಂಡು ಕೋಟೆ ನೋಡಲು ಹೊರಟವನು ಫೋನ್ ಮಾಡಿದ. “ಮಾವ, ಬಸ್‌ಸ್ಟ್ಯಾಂಡಿಂದ ಹೆಂಗ್ ಬರಬೇಕು ಅಂತ ನೋಡಾಕ ನಿಮ್ ಬ್ಲಾಗ್ ತೆಗದೆ. ಎಲ್ಲೈತಿ ಅದು? ಬೆಳ್ಳುಳ್ಳಿ ಮಂಡಕ್ಕಿ ತಿಂದು ಮುಗೀತು, ನೀವಿನ್ನೂ ಸೂರ್ಯ ಹುಟ್ಟಿಸ್ತಾನೇ ಇದ್ದೀರಿ.”

ಅವನ ಮಾತು ನಾಟಿತು. ಅಂಗಡಿಗೆ ಬಂದ ಗಿರಾಕಿ ಎರಡು ಅಳತೆಯ ಡ್ರಾಯಿಂಗ್ ಶೀಟ್ ಕೇಳಿದರೆ ಮೊದಲು ಶೀಟ್ ತೆಗೆದುಕೊಡುತ್ತೇನೆ, ಮಾತುಕತೆ ಆಮೇಲೆ. ಬರೆಯುವಾಗ ಮಾತ್ರ ಅದನ್ನು ಮರೆತಿದ್ದೆ. ಓದುಗನೂ ಕೈಯಲ್ಲಿ ಒಂದು ಪ್ರಶ್ನೆ ಹಿಡಿದೇ ಬರುತ್ತಾನೆ. ಅದಕ್ಕೆ ಉತ್ತರ ಸಿಕ್ಕಿತೆಂದರೆ ನಿಂತು ಕಥೆಯನ್ನೂ ಕೇಳುತ್ತಾನೆ. ಸಿಗದಿದ್ದರೆ ಬೇರೆ ಅಂಗಡಿ ಹುಡುಕುತ್ತಾನೆ.

ಅವತ್ತೇ ರಾತ್ರಿ ಶೀರ್ಷಿಕೆ ಬದಲಿಸಿದೆ: ‘ಚಿತ್ರದುರ್ಗ ಕೋಟೆ: ನೋಡಲು ಎಷ್ಟು ಹೊತ್ತು ಬೇಕು, ಏನೇನು ನೋಡಬಹುದು?’ ಮೊದಲ ಪ್ಯಾರಾದಲ್ಲೇ ಉತ್ತರ ಇಟ್ಟೆ. ಸಮಾಧಾನವಾಗಿ ನೋಡಲು ಮೂರು ಗಂಟೆ ಬೇಕು. ಬೆಳಿಗ್ಗೆ ಬೇಗ ಬನ್ನಿ, ಮಧ್ಯಾಹ್ನ ಬಂಡೆ ಕಾಯುತ್ತದೆ. ಕುಡಿಯುವ ನೀರು ಕೆಳಗಿಂದಲೇ ತನ್ನಿ. ಇಷ್ಟು ಹೇಳಿದ ಮೇಲೆ ಏಳು ಸುತ್ತಿನ ಗೋಡೆ, ಅಕ್ಕ-ತಂಗಿ ಹೊಂಡ, ಹಿಡಿಂಬೇಶ್ವರ, 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು. ಸೂರ್ಯೋದಯವನ್ನೂ ಬಿಡಲಿಲ್ಲ, ಕೊನೆಗೆ ಇಟ್ಟೆ. ಈಗ ಸೂರ್ಯೋದಯದ ಪ್ಯಾರಾ ಚೆನ್ನಾಗಿದೆ ಅಂತ ಓದಿದವರು ಬರೆಯುತ್ತಾರೆ. ಅದು ಮೊದಲಿದ್ದಾಗ ಒಬ್ಬರೂ ಹಾಗೆ ಬರೆದಿರಲಿಲ್ಲ.

ಜನ ಏನು ಹುಡುಕುತ್ತಾರೆ ಅಂತ ತಿಳಿಯಲು ಗೂಗಲ್‌ನದ್ದೇ ಸರ್ಚ್ ಕನ್ಸೋಲ್ ಇದೆ. ಬ್ಲಾಗರ್ ಜೊತೆ ಸುಲಭವಾಗಿ ಜೋಡಿಸಬಹುದು. ಅದರಲ್ಲಿ ಬರುವ ಪದಗಳನ್ನು ನೋಡುವುದೇ ನನಗೆ ದೊಡ್ಡ ಪಾಠ. ನಾನು ‘ದುರ್ಗ’ ಅಂತ ಬರೆಯುತ್ತಿದ್ದೆ, ಹೊರಗಿನವರು ‘ಚಿತ್ರದುರ್ಗ ಫೋರ್ಟ್’ ಅಂತ ಹುಡುಕುತ್ತಿದ್ದರು. ನಾನು ‘ವಾಣಿವಿಲಾಸ ಸಾಗರ’ ಅಂದರೆ ಹಿರಿಯೂರು ಕಡೆಯವರು ‘ಮಾರಿಕಣಿವೆ’ ಅನ್ನುತ್ತಿದ್ದರು. ಎಷ್ಟೋ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಈಗ ಬರಹದೊಳಗೆ ಎರಡೂ ಹೆಸರು ಒಂದೊಂದು ಸಲವಾದರೂ ಬರುವಂತೆ ನೋಡಿಕೊಳ್ಳುತ್ತೇನೆ. ಬೇಕಂತಲೇ ಹತ್ತು ಸಲ ತುರುಕುವುದಿಲ್ಲ. ಹಾಗೆ ತುರುಕಿದ ಬರಹ ಎರಡನೇ ಸಾಲಿಗೇ ಸಾಕೆನಿಸುತ್ತದೆ.

ಕನ್ನಡದಲ್ಲಿ ಬರೆಯುವವರು ಮೊದಲ ದಿನವೇ ತಿಳಿಯಬೇಕಾದ್ದು ಒಂದಿದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಪುಟದ ವಿಳಾಸಕ್ಕೆ ಬರೀ ‘ಬ್ಲಾಗ್-ಪೋಸ್ಟ್’ ಅನ್ನುವ ಹೆಸರು ಬರುತ್ತದೆ. ಪ್ರಕಟಿಸುವ ಮುಂಚೆ ಬಲಗಡೆ ಪರ್ಮಾಲಿಂಕ್ ತೆರೆದು ನಾವೇ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಕೊಡಬೇಕು. ನನಗಿದು ತಡವಾಗಿ ಗೊತ್ತಾಯಿತು. ಹಳೆಯ ಬರಹಗಳ ವಿಳಾಸ ಬದಲಿಸಿ, ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕುವಷ್ಟರಲ್ಲಿ ಒಂದು ಶ್ರಾವಣ ಮಾಸವೇ ಮುಗಿಯಿತು.

ಅಕ್ಷರದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹೆಚ್ಚಿನ ಥೀಮುಗಳನ್ನು, ಅಂದರೆ ಪುಟದ ಸಿದ್ಧ ವಿನ್ಯಾಸಗಳನ್ನು, ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಾನು ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಅಕ್ಷರದ ಅಳತೆ 18, ಸಾಲಿನ ಅಂತರ 1.7 ಇಟ್ಟಿದ್ದೇನೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ತೆಗೆದುಹಾಕಿದ್ದೇನೆ. ನಮ್ಮ ಪದಗಳು ಉದ್ದ, ಫೋನಿನ ಪರದೆ ಅಗಲವಿಲ್ಲ, ಸಮ ಮಾಡಲು ಹೋದರೆ ಪದಗಳ ನಡುವೆ ಹಲ್ಲು ಉದುರಿದ ಹಾಗೆ ಸಂದು ಬೀಳುತ್ತದೆ. ಇಡೀ ಪ್ಯಾರಾವನ್ನು ದಪ್ಪಕ್ಷರ ಮಾಡಿದರೆ ಒತ್ತಕ್ಷರಗಳು ಮಸಿ ಮೆತ್ತಿದಂತೆ ಕಾಣುತ್ತವೆ, ಅದನ್ನೂ ಬಿಟ್ಟೆ. ಹಳೆಯ ನುಡಿ ತಂತ್ರಾಂಶದ ಫೈಲಿನಿಂದ ನೇರವಾಗಿ ನಕಲು ಮಾಡಿ ಅಂಟಿಸಬೇಡಿ. ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಓದುವವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಇಷ್ಟನ್ನು ಸರಿಮಾಡಿದ ಮೇಲೆ, ಎಪ್ಪತ್ತು ದಾಟಿದ ನಮ್ಮ ಮಾವನವರು ಕನ್ನಡಕ ಮೇಲೆ ಕೆಳಗೆ ಮಾಡದೆ ಒಂದು ಬರಹ ಪೂರ್ತಿ ಓದಿದರು. ಬೇರೆ ಪ್ರಮಾಣಪತ್ರ ನನಗೆ ಬೇಕಿಲ್ಲ.

ಥೀಮಿನ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಅಂದ ನೋಡಿ, ಹೊರಗಿನ ಮಾರಾಟಗಾರರೊಬ್ಬರಿಂದ ದುಡ್ಡು ಕೊಟ್ಟು ಥೀಮ್ ತಂದೆ. ಮೇಲೆ ಓಡಾಡುವ ಚಿತ್ರ, ಪಕ್ಕದಲ್ಲಿ ಹತ್ತು ಪಟ್ಟಿ, ಪುಟ ತೆರೆದ ಕೂಡಲೇ ಎದ್ದು ನಿಲ್ಲುವ ಡಬ್ಬಿ. ನನ್ನ ಕಂಪ್ಯೂಟರ್‌ನಲ್ಲಿ ಚಂದ ಕಾಣುತ್ತಿತ್ತು. ಮೊಳಕಾಲ್ಮುರು ಕಡೆಯ ಗೆಳೆಯನ ಹಳೇ ಫೋನಿನಲ್ಲಿ ಪುಟ ತೆರೆಯಲೇ ಇಲ್ಲ. ಸಹಾಯ ಕೇಳಿ ಬರೆದೆ, ಉತ್ತರ ಬರಲಿಲ್ಲ. ಮೂರು ತಿಂಗಳಿಗೆ ಅದನ್ನು ಕಿತ್ತು, ಬ್ಲಾಗರ್ ಜೊತೆಗೇ ಬರುವ ಸರಳ ಥೀಮ್‌ಗೆ ವಾಪಸಾದೆ. ಫೋಟೊ ವಿಷಯದಲ್ಲೂ ಅಷ್ಟೇ. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿ ಫೋಟೊವನ್ನು ಕುಗ್ಗಿಸಿಯೇ ಏರಿಸುತ್ತೇನೆ. ಪುಟವೂ ಬೇಗ ತೆರೆಯುತ್ತದೆ, ಗೂಗಲ್ ಖಾತೆಯ 15 ಜಿಬಿ ಜಾಗವೂ ಉಳಿಯುತ್ತದೆ. ಹತ್ತು ಫೋಟೊ ಬದಲು ಮೂರು ಹಾಕಿ, ಪ್ರತಿಯೊಂದರ ಕೆಳಗೆ ಅದು ಎಲ್ಲಿಂದ ತೆಗೆದದ್ದು ಅಂತ ಒಂದು ಸಾಲು ಬರೆದರೆ ಜನ ಆ ಸಾಲನ್ನು ತಪ್ಪದೆ ಓದುತ್ತಾರೆ.

ನನ್ನ ಬರಹಗಳಲ್ಲಿ ಜನ ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡದ್ದು ಎರಡು. ಮೊದಲನೆಯದು ಬ್ರಹ್ಮಗಿರಿಯ ಅಶೋಕನ ಶಾಸನದ್ದು. ಶಾಸನತಜ್ಞ ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದದ್ದು, ಶಾಸನದಲ್ಲಿ ಇಸಿಲ ಎಂಬ ಊರಿನ ಹೆಸರು ಇರುವುದು ಎಲ್ಲ ಬರೆದಿದ್ದೆ. ಆದರೆ ಓದಿದವರೆಲ್ಲ ಮಾತಾಡಿದ್ದು ಒಂದೇ ಸಂಗತಿ: ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಕೆತ್ತಿದ್ದಾನೆ, ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕಾರ’ ಅನ್ನುವ ತನ್ನ ಕಸುಬಿನ ಮಾತನ್ನು ಮಾತ್ರ ದೂರದ ಗಾಂಧಾರ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಮೊಳಕಾಲ್ಮುರು ಸೀಮೆಯ ಬಂಡೆಯ ಮುಂದೆ ಕುಳಿತ ಒಬ್ಬ ಮನುಷ್ಯ ಅಲ್ಲಿ ಕಂಡುಬಿಡುತ್ತಾನೆ. ‘ಭವ್ಯ ಪರಂಪರೆ’ ಅಂತ ನಾನು ಹಿಂದೆ ಎಷ್ಟು ಸಲ ಬರೆದಿದ್ದರೂ ಆಗದ ಕೆಲಸ ಚಪಡನ ಒಂದು ರುಜುವಿನಿಂದ ಆಯಿತು.

ಎರಡನೆಯದು ವಾಣಿವಿಲಾಸ ಸಾಗರದ್ದು. 2022ರ ಸೆಪ್ಟೆಂಬರ್‌ನಲ್ಲಿ ಅದು ಕೋಡಿ ಬಿದ್ದಾಗ ಅಂಗಡಿ ಮುಚ್ಚಿ ಬೈಕಿನಲ್ಲಿ ಹೋದೆ. 1933ರ ನಂತರ, ಅಂದರೆ 89 ವರ್ಷದ ಮೇಲೆ ವೇದಾವತಿಯ ನೀರು ಕೋಡಿ ಹರಿಯುತ್ತಿತ್ತು. ನಮ್ಮ ಅಜ್ಜ ನೋಡಿದ್ದೆ ಅಂತ ಹೇಳುತ್ತಿದ್ದ ನೀರದು. ಅಲ್ಲಿ ನಿಂತಾಗ ಕಣ್ಣು ತುಂಬಿತು. ಸಂಜೆ ಬಂದು ಹತ್ತೇ ಸಾಲು ಬರೆದು ಹಾಕಿದೆ: ದಾರಿ ಹೇಗಿದೆ, ಗಾಡಿ ಎಲ್ಲಿ ಬಿಡಬೇಕು, ಮಕ್ಕಳನ್ನು ಯಾಕೆ ಅಂಚಿಗೆ ಬಿಡಬಾರದು. ಕೆಳಗೆ ಅಜ್ಜನ ಮಾತು. ಆ ಹತ್ತು ಸಾಲನ್ನು ಓದಿದಷ್ಟು ಜನ ನನ್ನ ಉದ್ದುದ್ದ ಲೇಖನಗಳನ್ನು ಓದಿಲ್ಲ.

ಆ ಬರಹದಿಂದಲೇ ಇನ್ನೊಂದು ಪಾಠ ಕಲಿತೆ. ಎರಡು ಬೇಸಿಗೆ ಕಳೆದ ಮೇಲೂ ಅದನ್ನು ಓದಿ, ಈಗಲೂ ಕೋಡಿ ಹರಿಯುತ್ತಿದೆ ಅಂದುಕೊಂಡು ಮಕ್ಕಳ ಸಮೇತ ಬಂದ ಕುಟುಂಬವೊಂದು ನನ್ನ ಅಂಗಡಿ ಮುಂದೆ ನಿಂತು ಕೇಳಿತು. ಆ ಮಕ್ಕಳ ಮುಖ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಅವತ್ತಿನಿಂದ ಪ್ರತಿ ಬರಹದ ನೆತ್ತಿಯ ಮೇಲೆ ಬರೆದ ದಿನ, ಕೊನೆಯ ಸಲ ತಿದ್ದಿದ ದಿನ ಎರಡೂ ಇರುತ್ತವೆ. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿದಾಗ ಹೊಸ ಬರಹ ಮಾಡಲಿಲ್ಲ, ಹಳೆಯದನ್ನೇ ತಿದ್ದಿ ದಿನಾಂಕ ಹಾಕಿದೆ. ತಪ್ಪು ತಿದ್ದಿದರೂ ಮುಚ್ಚಿಡುವುದಿಲ್ಲ. ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ಮಾಡಿದ್ದು 1947ರಲ್ಲಿ. ನಾನು 1957 ಅಂತ ಬರೆದಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೇ ಬಂದು ಹೇಳಿದರು. ತಿದ್ದಿ, ಕೆಳಗೆ ‘ಓದುಗರೊಬ್ಬರು ತಿಳಿಸಿದ್ದು’ ಅಂತ ಬರೆದೆ. ಅವರು ಈಗ ಪ್ರತಿ ಬರಹವನ್ನೂ ನನಗಿಂತ ಮೊದಲು ಓದುತ್ತಾರೆ.

ಉಳಿದ ಎರಡು ಮಾತು. ಇಮೇಲ್ ಮೂಲಕ ಚಂದಾದಾರರಾಗುವ ವಿಜೆಟ್ 2021ರ ಜುಲೈಯಲ್ಲಿ ನಿಂತಿತು. ನಾನು ವಾಟ್ಸಾಪ್‌ನಲ್ಲಿ ಓದುಗರ ಪಟ್ಟಿ ಮಾಡಿಕೊಂಡು, ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಕಳಿಸುವುದಿಲ್ಲ. ಸ್ವಂತ ವಿಳಾಸ ಬೇಕೆಂದು ಡಾಟ್ ಇನ್ ಹೆಸರು ಕೊಂಡಿದ್ದೆ. ಮಾರಿದ ಕಂಪನಿಯ ನವೀಕರಣದ ಸೂಚನೆ ನಾನು ಬಿಟ್ಟುಬಿಟ್ಟಿದ್ದ ಹಳೇ ಇಮೇಲಿಗೆ ಹೋಗಿ, ಮೂರು ವಾರ ವಿಳಾಸವೇ ಸತ್ತಿತ್ತು. ಸ್ವಂತ ಹೆಸರು ಕೊಳ್ಳುವವರು ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ. ಉಚಿತ ಬ್ಲಾಗ್‌ಸ್ಪಾಟ್ ವಿಳಾಸವೇ ಸಾಕು ಅನ್ನುವವರಿಗೆ ಈ ಚಿಂತೆ ಇಲ್ಲ.

ಒಂದು ಅಂಕ ಕಳೆದದ್ದು ಥೀಮುಗಳಿಗೆ. ಕನ್ನಡಕ್ಕೆ ಹೊಂದುವಂತೆ ಮಾಡಿಕೊಳ್ಳಲು ಕೋಡಿನೊಳಗೆ ಕೈ ಹಾಕಲೇಬೇಕು, ಎಲ್ಲರಿಗೂ ಅದು ಆಗುವುದಿಲ್ಲ. ವ್ಯಾಪಾರ ಮಾಡುವವರು, ಆನ್‌ಲೈನ್ ಅಂಗಡಿ ಬೇಕಾದವರು ಬೇರೆ ಸೇವೆ ನೋಡಿಕೊಳ್ಳಿ. ಊರಿನ ಬಗ್ಗೆ, ಅಡುಗೆ ಬಗ್ಗೆ, ಹೊಲದ ಬಗ್ಗೆ ತಮಗೆ ಗೊತ್ತಿರುವುದನ್ನು ಬರೆದಿಡಬೇಕು ಅನ್ನುವವರು ಧೈರ್ಯವಾಗಿ ತೆರೆಯಿರಿ. ಆರು ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಳ್ಳಿ. ನಾನು ಯುಗಾದಿಗೆ ಒಂದು, ದಸರಾಕ್ಕೆ ಒಂದು ಇಳಿಸಿ ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ. ಈ ಭಾನುವಾರ ಜೋಗಿಮಟ್ಟಿಯ ಬರಹ ತಿದ್ದುವುದಿದೆ. ಮಳೆಗೆ ದಾರಿ ಹೇಗಾಗಿದೆ ಅಂತ ಬೆಳಿಗ್ಗೆಯೇ ಹೋಗಿ ನೋಡಿ ಬರಬೇಕು.