ಮಳೆಗಾಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಯಾವುದು ಸರಿ: ವಾಟ್ಸಾಪ್ ಗ್ರೂಪ್, ಆ್ಯಪ್, ಇ-ಸಂಜೀವನಿ, ಫೋನಿನ ಫೋಲ್ಡರ್?

ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆ ಜುಲೈ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಕೈಕೊಡುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಹಾವು ಕಚ್ಚಿದವರನ್ನು ಕರೆತರುವುದೂ ಇಂಥ ಹೊತ್ತಲ್ಲೇ. ಡ್ಯೂಟಿಯಲ್ಲಿರುವವರ ಫೋನಿನಲ್ಲಿ ಸರಿಯಾದ ಮಾರ್ಗಸೂಚಿ ಆ ಕ್ಷಣಕ್ಕೆ ತೆರೆಯುತ್ತದೆಯೇ ಎಂಬ ಒಂದೇ ಅಳತೆ ಇಟ್ಟುಕೊಂಡು ನಾಲ್ಕನ್ನೂ ಬಳಸಿ ನೋಡಿದ್ದೇವೆ.

ವಾಟ್ಸಾಪ್ ಗ್ರೂಪ್ ಸುದ್ದಿ ಮುಟ್ಟಿಸುವುದರಲ್ಲಿ ಮುಂದು, ಹುಡುಕಿ ತೆಗೆಯುವುದರಲ್ಲಿ ತೀರಾ ಹಿಂದು. ಸುತ್ತೋಲೆಯನ್ನು ಫೋಟೋ ಮಾಡಿ ಹಾಕಿದರೆ ಚಿತ್ರ ಕುಗ್ಗಿ, ಡೋಸ್ ಕೋಷ್ಟಕದಲ್ಲಿ 0.5ರ ಚುಕ್ಕಿಯೇ ಅಳಿಸಿಹೋಗಬಹುದು. ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಇನ್ನೂ ದೊಡ್ಡ ಅಪಾಯ ಹಳೆಯದೂ ಹೊಸದೂ ಒಟ್ಟಿಗೇ ಉಳಿಯುವುದು. ನಾಯಿ ಕಡಿತಕ್ಕೆ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ತಡೆಯುವ ಸಿದ್ಧ ಪ್ರತಿಕಾಯ) ಕೊಡುವಾಗ ಗಾಯದ ಸುತ್ತ ಹಾಕಿ ಉಳಿದದ್ದನ್ನು ದೂರದ ಸ್ನಾಯುವಿಗೆ ಚುಚ್ಚುವುದು ಹಳೆಯ ಕ್ರಮ. ಅದರಿಂದ ಹೆಚ್ಚಿನ ಲಾಭವಿಲ್ಲ, ಗಾಯಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಗ್ರೂಪಿನಲ್ಲಿ ಹುಡುಕಿದರೆ ಎರಡೂ ಸಿಗುತ್ತವೆ. ರೋಗಿಯ ಫೋಟೋವನ್ನಂತೂ ಅಲ್ಲಿ ಹಾಕಲೇಬಾರದು. ಸಣ್ಣ ಊರಿನಲ್ಲಿ ಕಾಲು ನೋಡಿಯೇ ಯಾರೆಂದು ಗುರುತಿಸುತ್ತಾರೆ.

ಎಂಎಸ್‌ಡಿ ಮ್ಯಾನ್ಯುಯಲ್ ಎಂಬ ವೈದ್ಯಕೀಯ ಕೈಪಿಡಿಯ ಆ್ಯಪ್ ಉಚಿತ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ. ರೋಗಲಕ್ಷಣ ಓದಿಕೊಳ್ಳಲು ಬಹಳ ಒಳ್ಳೆಯದು. ಆದರೆ ಹಾವಿನ ಪುಟದಲ್ಲಿ ಮುಖ್ಯವಾಗಿ ಇರುವುದು ಅಮೆರಿಕದ ಹಾವುಗಳು, ಅಲ್ಲಿನ ಔಷಧ. ನಮ್ಮ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ. ಕಾಫಿ ತೋಟದ ತರಗೆಲೆಯಲ್ಲಿ ಅಡಗಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ವಿಷಕ್ಕೆ ಅದು ನಾಟುವುದಿಲ್ಲ. ಈ ಮಾತು ಕೊಡಗಿನವರಿಗೆ ಮೊದಲ ಸಾಲಿನಲ್ಲೇ ಸಿಗಬೇಕು.

ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ ಇ-ಸಂಜೀವನಿ ಚರ್ಮರೋಗ, ಬಿಪಿ, ಶುಗರ್ ಫಾಲೋಅಪ್‌ಗೆ ಸೈ. ನೆಟ್ ಇಲ್ಲದಿದ್ದರೆ ಇಲ್ಲ.

ನಮ್ಮ ಆಯ್ಕೆ ಫೋನಿನ ಫೋಲ್ಡರ್. ಒಂದು ತೊಂದರೆಗೆ ಒಂದೇ ಪುಟ. ಹಾವಿನ ಪುಟದಲ್ಲಿ ಇಷ್ಟು: 2 ಎಂಎಲ್ ರಕ್ತ, ಹೊಸ ಒಣ ಗಾಜಿನ ಟ್ಯೂಬ್, 20 ನಿಮಿಷ ಅಲುಗಾಡಿಸದೆ ಇಟ್ಟು ಒಮ್ಮೆ ಓರೆ ಮಾಡಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವುದು. ಹೆಪ್ಪುಗಟ್ಟದಿದ್ದರೆ ಅದು ವಿಷವೇರಿದ ಲಕ್ಷಣ. ಪ್ಲಾಸ್ಟಿಕ್ ಟ್ಯೂಬ್ ಅಥವಾ ಸೋಪಿನಲ್ಲಿ ತೊಳೆದ ಟ್ಯೂಬ್ ಆದರೆ ವಿಷವಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ವಿಷವೇರಿದ ಲಕ್ಷಣ ಇದ್ದರೆ ಎಎಸ್‌ವಿ 10 ವಯಲ್, ಮಗುವಿಗೂ ಅಷ್ಟೇ. ಅಲರ್ಜಿಯಾದರೆ ದೊಡ್ಡವರಿಗೆ ಅಡ್ರಿನಲಿನ್ 0.5 ಎಂಎಲ್, 1:1000ದ್ದು, ತೊಡೆಯ ಸ್ನಾಯುವಿಗೆ. ಎಎಸ್‌ವಿ ಶುರುಮಾಡುವ ಮುಂಚೆಯೇ ಸಿರಿಂಜಿನಲ್ಲಿ ತುಂಬಿಟ್ಟಿರಬೇಕು.

ಪುಟಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಫಾಂಟಿನ ಸುತ್ತೋಲೆ ಪರದೆಯಲ್ಲಿ ಕನ್ನಡವಾಗಿ ಕಂಡರೂ, ‘ಹಾವು’ ಎಂದು ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಗತಿಯೂ ಅದೇ. ಫೈಲ್ ಹೆಸರಿನಲ್ಲಿ ರೋಗ, ವರ್ಷ, ತಿಂಗಳು ಇರಲಿ. ಬದಲಾಯಿಸುವ ಅಧಿಕಾರ ಒಬ್ಬರಿಗೇ ಇರಲಿ. ಹೊಸದು ಬಂದ ದಿನವೇ ಹಳೆಯದನ್ನು ಎಲ್ಲರ ಫೋನಿನಿಂದಲೂ ಅಳಿಸಿಸುವ ಹೊಣೆ ಅವರದೇ. ವಾಟ್ಸಾಪ್ ಬೇಕಾಗುವುದು ಆ ಸೂಚನೆ ಕೊಡಲು ಮಾತ್ರ.

ಗೂಗಲ್ ಡ್ರೈವ್‌ನಲ್ಲಿ ಇಟ್ಟವರು ಪ್ರತಿ ಫೈಲಿಗೂ ಆಫ್‌ಲೈನ್ ಆಯ್ಕೆ ಒತ್ತಿರಬೇಕು. ಮೇ ಕೊನೆಯೊಳಗೆ ಪ್ರತಿಯೊಬ್ಬರೂ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಒಂದೊಂದೇ ಫೈಲ್ ತೆರೆದು ನೋಡಿ. ಹಾವಿನ ಪುಟದ್ದೊಂದು ಲ್ಯಾಮಿನೇಟ್ ಪ್ರತಿ ಎಮರ್ಜೆನ್ಸಿ ಟ್ರೇಯಲ್ಲೂ ಇರಲಿ, ಫೋನಿನ ಚಾರ್ಜೂ ಮುಗಿಯುತ್ತದೆ.